ಸಾರಸ್ ವಿಮಾನ ಅಪಘಾತ (2009)

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಲಘು ಸಾರಿಗೆ ವಿಮಾನ ಸಾರಸ್‌ನ ಎರಡನೆಯ ಮಾದರಿ, 2009ರ ಮಾರ್ಚ್ 6ರಂದು ಪರೀಕ್ಷಾ ಹಾರಾಟದ ವೇಳೆ ರಾಮನಗರ ಜಿಲ್ಲೆಯ ಬಿಡದಿ ಸಮೀಪದ ಶೇಷಗಿರಿಹಳ್ಳಿ ಬಳಿ ಪತನಗೊಂಡಿತು. ಭಾರತೀಯ ವಾಯುಪಡೆಯ ಪರೀಕ್ಷಾ ಪೈಲಟ್‌ಗಳಾದ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಹಾಗೂ ಹಾರಾಟ ಪರೀಕ್ಷಾ ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೃತಪಟ್ಟರು.

ವಿಮಾನ: ಸಾರಸ್ 14 ಆಸನಗಳ, ಎರಡು ಟರ್ಬೊಪ್ರಾಪ್ ಎಂಜಿನ್‌ಗಳ ವಿಮಾನ. ಎಂಜಿನ್‌ಗಳು ಒಡಲಿನ ಹಿಂಭಾಗದ ಇಕ್ಕೆಲಗಳಲ್ಲಿದ್ದು, ಪ್ರೊಪೆಲ್ಲರ್‌ಗಳು ವಿಮಾನವನ್ನು ಹಿಂದಿನಿಂದ ನೂಕುತ್ತವೆ. ಮೊದಲ ಮಾದರಿ 2004ರ ಮೇ 29ರಂದು ಹಾರಿತು. ಅದರ ತೂಕ ನಿಗದಿತ ಮಿತಿಯನ್ನು ಮೀರಿದ್ದರಿಂದ, 2007ರ ಏಪ್ರಿಲ್‌ನಲ್ಲಿ ಹಾರಿದ ಎರಡನೆಯ ಮಾದರಿಯಲ್ಲಿ ತೂಕ ತಗ್ಗಿಸಿ, ತಲಾ 1,200 ಅಶ್ವಶಕ್ತಿಯ ಎಂಜಿನ್‌ಗಳನ್ನು ಜೋಡಿಸಲಾಯಿತು.

ಘಟನೆ: ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮಧ್ಯಾಹ್ನ ಹೊರಟ ವಿಮಾನದಲ್ಲಿ ಆ ದಿನದ ಮುಖ್ಯ ಪರೀಕ್ಷೆ, ಆಕಾಶದಲ್ಲಿ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು. ಎಂಜಿನ್ ತಾನಾಗಿ ಕೆಡಲಿಲ್ಲ. ಪರೀಕ್ಷೆಗಾಗಿಯೇ ಎಡ ಎಂಜಿನ್ ನಿಲ್ಲಿಸಲಾಗಿತ್ತು. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಅಲಗುಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸಿದರೆ ಎಳೆತ ಕಡಿಮೆ. ಅವು ಅಗಲವನ್ನು ಎದುರೊಡ್ಡಿದರೆ ಆ ಬದಿಯಲ್ಲಿ ಭಾರಿ ತಡೆ ಉಂಟಾಗಿ ವಿಮಾನ ಒಂದೆಡೆಗೆ ಜಗ್ಗುತ್ತದೆ, ಬೇಗ ಎತ್ತರ ಕಳೆದುಕೊಳ್ಳುತ್ತದೆ. ಮೊದಲ ಯತ್ನದಲ್ಲಿ ಎಂಜಿನ್ ಹೊತ್ತಿಕೊಳ್ಳಲಿಲ್ಲ; ಆದರೂ ಪರೀಕ್ಷೆ ಮುಂದುವರಿಯಿತು. ನಿಯಂತ್ರಣ ತಪ್ಪಿದ ವಿಮಾನ ಬಯಲಿಗೆ ಅಪ್ಪಳಿಸಿ ಹೊತ್ತಿ ಉರಿಯಿತು.

ತನಿಖೆ: ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ತನಿಖೆಯ ಪ್ರಕಾರ, ವಿನ್ಯಾಸಕರು ರೂಪಿಸಿದ ತಪ್ಪು ಮರುಚಾಲನಾ ಕ್ರಮವನ್ನು ಸಾಲದಷ್ಟು ಎತ್ತರದಲ್ಲಿ ಅನುಸರಿಸಿದ್ದು ದುರಂತಕ್ಕೆ ಕಾರಣ. ಆ ಕ್ರಮ ರೂಪಿಸುವಾಗ ಪ್ರೊಪೆಲ್ಲರ್ ತಯಾರಕರ ಸಲಹೆ ಪಡೆಯದಿದ್ದುದು, ಮೊದಲ ಯತ್ನ ವಿಫಲವಾದ ಮೇಲೂ ಹಾರಾಟ ಕೈಬಿಡದಿದ್ದುದು, ಕಾಕ್‌ಪಿಟ್‌ನಲ್ಲಿ ಹೊಂದಾಣಿಕೆಯ ಕೊರತೆ ಹಾಗೂ ನಿಯಂತ್ರಣಗಳ ಬಳಕೆಯಲ್ಲಿನ ಲೋಪವನ್ನು ಪೂರಕ ಕಾರಣಗಳಾಗಿ ವರದಿ ಗುರುತಿಸಿತು.

ಪರಿಣಾಮ: ಅಪಘಾತದಿಂದ ಯೋಜನೆಗೆ ದೊಡ್ಡ ಹಿನ್ನಡೆಯಾಯಿತು, ಮುಂದೆ ಅನುದಾನವೂ ನಿಂತು ಕೆಲಸ ಕೆಲಕಾಲ ಸ್ಥಗಿತಗೊಂಡಿತು. ಮೊದಲ ಮಾದರಿಯನ್ನೇ ಪರಿಷ್ಕರಿಸಿ ಸಿದ್ಧಪಡಿಸಿದ ಪಿಟಿ1ಎನ್ ವಿಮಾನ 2018ರ ಜನವರಿ 24ರಂದು ಬೆಂಗಳೂರಿನಲ್ಲಿ ಯಶಸ್ವಿಯಾಗಿ ಹಾರಿತು. ಅನಂತರ ಯೋಜನೆಯನ್ನು 19 ಆಸನಗಳ ಸಾರಸ್ ಎಂಕೆ-2 ವಿಮಾನಕ್ಕೆ ವಿಸ್ತರಿಸಲಾಯಿತು.