ಹತ್ತನೆಯ ತರಗತಿಯ ನಂತರ: ಹೊಸೂರು ಭಾಗದ ಕನ್ನಡ ವಿದ್ಯಾರ್ಥಿಗಳು ಮತ್ತು ಉದ್ಯೋಗ

ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ ಭಾಗದ ಕನ್ನಡ ಮಕ್ಕಳಿಗೆ ಕೈಗಾರಿಕೆ ದೂರದ ಮಾತಲ್ಲ. 1970ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ವಲಯ ತಲೆಯೆತ್ತಿದ ಬಳಿಕ ಅಶೋಕ್ ಲೇಲ್ಯಾಂಡ್, ಟಿವಿಎಸ್ ಮೋಟಾರ್, ಟೈಟನ್ ಮುಂತಾದ ಕಾರ್ಖಾನೆಗಳು ಇಲ್ಲಿ ನೆಲೆಯೂರಿದವು. ಆದರೆ ಊರ ಪಕ್ಕದಲ್ಲಿ ಕಾರ್ಖಾನೆ ಇರುವುದು ಬೇರೆ, ಅದರೊಳಗೆ ಕುಶಲ ಕೆಲಸಗಾರನಾಗಿ ಕಾಲಿಡುವುದು ಬೇರೆ. ಆ ಅಂತರವನ್ನು ದಾಟಿಸುವ ಸಿದ್ಧತೆ ಪ್ರೌಢಶಾಲೆಯಲ್ಲೇ ಆರಂಭವಾಗಬೇಕು.

ಹತ್ತನೆಯ ತರಗತಿ ಮುಗಿಸಿದವರಿಗೆ ಐಟಿಐ ಹತ್ತಿರದ ದಾರಿ. ಫಿಟ್ಟರ್, ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು. ವೆಲ್ಡರ್ ತರಬೇತಿ ಒಂದು ವರ್ಷದ್ದು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷದ್ದು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು, ಅವರಿಗೆ ಭತ್ಯೆ ಕೊಡಲೇಬೇಕು. ಅಪ್ರೆಂಟಿಸ್ ಅವಧಿ ತರಬೇತಿಯೇ ಹೊರತು ನೌಕರಿಯ ಭರವಸೆಯಲ್ಲ ಎಂಬುದನ್ನು ಪೋಷಕರು ತಿಳಿದಿರಬೇಕು. ಸರ್ಕಾರಿ ಶಾಲೆಯಲ್ಲಿ ಓದಿ ಮುಂದಿನ ಶಿಕ್ಷಣಕ್ಕೆ ಸೇರುವ ಹೆಣ್ಣುಮಕ್ಕಳಿಗೆ 2022ರಲ್ಲಿ ಆರಂಭವಾದ ‘ಪುದುಮೈ ಪೆಣ್’ ಯೋಜನೆಯಡಿ ತಿಂಗಳಿಗೆ 1000 ರೂಪಾಯಿ ದೊರೆಯುತ್ತದೆ. ಐಟಿಐ ಮತ್ತು ಡಿಪ್ಲೊಮಾ ಕೂಡ ಇದರ ವ್ಯಾಪ್ತಿಯಲ್ಲಿವೆ.

ನಮ್ಮ ಮಕ್ಕಳು ಎಡವುವುದು ಬುದ್ಧಿಯ ಕೊರತೆಯಿಂದಲ್ಲ, ಮಾಧ್ಯಮ ತಟ್ಟನೆ ಬದಲಾಗುವುದರಿಂದ. ಗಣಿತದಲ್ಲಿ ‘ವ್ಯಾಸ’ ಕಲಿತವನಿಗೆ ಕಾರ್ಯಾಗಾರದಲ್ಲಿ ಅದೇ ‘ಡಯಾಮೀಟರ್’, ತಮಿಳಿನಲ್ಲಿ ಅದೇ ‘ವಿಟ್ಟಂ’. ವಿಷಯ ತಿಳಿದಿದೆ, ಹೆಸರು ಮಾತ್ರ ಹೊಸದು. ಒಂಬತ್ತನೆಯ ತರಗತಿಯಿಂದಲೇ ಗಣಿತ, ವಿಜ್ಞಾನದ ಪದಗಳನ್ನು ಮೂರು ಭಾಷೆಗಳಲ್ಲಿ ಬರೆದಿಡುವ ಒಂದು ನೋಟುಪುಸ್ತಕವನ್ನು ಪ್ರತಿ ವಿದ್ಯಾರ್ಥಿಯೂ ಇಟ್ಟುಕೊಳ್ಳುವಂತೆ ಶಿಕ್ಷಕರು ಮಾಡಿದರೆ ಈ ತೊಡಕು ಬಹುಪಾಲು ನೀಗುತ್ತದೆ.

ತಮಿಳುನಾಡು ಸರ್ಕಾರಿ ಹುದ್ದೆಗಳ ಮಾತು ಇನ್ನಷ್ಟು ಕಠಿಣ. 2010ರ ಕಾನೂನು ತಮಿಳು ಮಾಧ್ಯಮದಲ್ಲಿ ಓದಿದವರಿಗೆ ನೇರ ನೇಮಕಾತಿಯಲ್ಲಿ ಶೇ. 20ರಷ್ಟು ಆದ್ಯತೆ ನೀಡಿದೆ. ನಮ್ಮ ಮಕ್ಕಳು ಅದರ ಹೊರಗಿದ್ದಾರೆ. 2021ರ ಆದೇಶದಂತೆ ನೇಮಕಾತಿ ಪರೀಕ್ಷೆಗಳ ತಮಿಳು ಪತ್ರಿಕೆಯಲ್ಲಿ ಕನಿಷ್ಠ ಶೇ. 40 ಅಂಕ ಗಳಿಸಲೇಬೇಕು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಹತ್ತನೆಯ ತರಗತಿಯ ತಮಿಳು ಪರೀಕ್ಷೆಯಿಂದ ವಿನಾಯಿತಿ ಕೋರಿ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೊರೆಹೊಕ್ಕರು, ವಿನಾಯಿತಿಯನ್ನೂ ಪಡೆದರು. ಆ ಹೋರಾಟ ನ್ಯಾಯವಾದದ್ದು. ಮಾತೃಭಾಷೆಯಲ್ಲಿ ಕಲಿಯುವ ಹಕ್ಕನ್ನು ನಾವು ಬಿಟ್ಟುಕೊಡಲಾಗದು. ಆದರೆ ಪರೀಕ್ಷೆಯಿಂದ ದೊರೆತ ವಿನಾಯಿತಿಯನ್ನು ಕಲಿಕೆಯಿಂದಲೇ ದೊರೆತ ವಿನಾಯಿತಿ ಎಂದು ಭಾವಿಸಿದರೆ ನಷ್ಟ ನಮ್ಮ ಮಕ್ಕಳಿಗೇ.

ಇನ್ನೆರಡು ಎಚ್ಚರಿಕೆಗಳು. ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರಗಳಲ್ಲಿ ಹೆಸರು, ಇನಿಷಿಯಲ್, ಜನ್ಮದಿನಾಂಕ ಒಂದೇ ರೀತಿ ಇರಲಿ. ತಪ್ಪಿದ್ದರೆ ಶಾಲೆ ಬಿಡುವ ಮುನ್ನವೇ ತಿದ್ದಿಸಿಕೊಳ್ಳಿ. ಮನೆಯ ಕಷ್ಟಕ್ಕೆ ಮಣಿದು ಗುತ್ತಿಗೆದಾರರ ಮೂಲಕ ದಿನಗೂಲಿಗೆ ಸೇರುವ ಹುಡುಗನಿಗೆ ಇಂದು ಕೈಗೆ ಕಾಸು ಸಿಗಬಹುದು. ಆದರೆ ಪ್ರಮಾಣಪತ್ರವಿಲ್ಲದ ಕೈಗೆ ಹತ್ತು ವರ್ಷದ ಬಳಿಕವೂ ಅದೇ ಕೂಲಿಯೇ ಗತಿಯಾದೀತು. ಎರಡು ವರ್ಷ ತಾಳಿಕೊಂಡರೆ ಕಸುಬು ಕೈಸೇರುತ್ತದೆ.

ಕನ್ನಡದಲ್ಲಿ ಅರಿವು, ತಮಿಳಿನಲ್ಲಿ ವ್ಯವಹಾರ, ಇಂಗ್ಲಿಷಿನಲ್ಲಿ ತಾಂತ್ರಿಕ ಪದಗಳು, ಕೈಯಲ್ಲೊಂದು ಕಸುಬು: ಗಡಿನಾಡಿನ ವಿದ್ಯಾರ್ಥಿಗೆ ಈ ನಾಲ್ಕೂ ಬೇಕು. ಇವನ್ನು ಒದಗಿಸುವುದು ಶಾಲೆ, ಪೋಷಕರು ಮತ್ತು ನಮ್ಮ ಸಂಘಸಂಸ್ಥೆಗಳ ಕೂಡು ಹೊಣೆ.