ಕಡತದಲ್ಲಿ ಕಾಣದ ಮಗು: ಅಮೆರಿಕದ ಸ್ಕೌಟ್ ಸಂಸ್ಥೆಯಲ್ಲಿ ದೂರು ನಿರ್ವಹಣೆಯ ಚರಿತ್ರೆ

ಮಕ್ಕಳೊಡನೆ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ಅದರ ಕಾರ್ಯಕರ್ತನ ಮೇಲೆಯೇ ದೂರು ಬಂದಾಗ, ಆ ದೂರು ಯಾರ ಕೈ ಸೇರಿತು, ಅಲ್ಲಿಂದ ಎಲ್ಲಿಗೆ ಹೋಯಿತು, ಕೊನೆಗೆ ಎಲ್ಲಿ ನಿಂತಿತು ಎಂಬುದನ್ನು ಹಿಂಬಾಲಿಸಿದರೆ ಆ ಸಂಸ್ಥೆ ಯಾರನ್ನು ಕಾಯುತ್ತಿತ್ತೆಂಬುದು ತಿಳಿಯುತ್ತದೆ. ಇಂಥ ಅಧ್ಯಯನಕ್ಕೆ ಬಾಯ್ ಸ್ಕೌಟ್ಸ್ ಆಫ್ ಅಮೆರಿಕದಷ್ಟು ದೀರ್ಘಕಾಲದ ದಾಖಲೆಯನ್ನು ಬಿಟ್ಟುಹೋದ ಯುವಸಂಘಟನೆಗಳು ವಿರಳ. 1910ರ ಫೆಬ್ರವರಿ 8ರಂದು ಸ್ಥಾಪನೆಯಾದ ಈ ಸಂಸ್ಥೆಯು ಆರಂಭದ ದಶಕಗಳಲ್ಲಿಯೇ, ದಳಗಳಿಂದ ಹೊರಹಾಕಿದ ವಯಸ್ಕರ ವಿವರಗಳನ್ನು ಗೋಪ್ಯ ಕಡತಗಳಲ್ಲಿ ಸಂಗ್ರಹಿಸತೊಡಗಿತು. ಆಡಳಿತದ ಭಾಷೆಯಲ್ಲಿ ಇವು ‘ಅನರ್ಹ ಸ್ವಯಂಸೇವಕರ ಕಡತಗಳು’. ಹಣದ ದುರುಪಯೋಗ, ಕಳ್ಳತನ, ಕುಡಿತ ಮುಂತಾದ ಕಾರಣಗಳಿಗೂ ಕಡತ ತೆರೆಯಲಾಗುತ್ತಿತ್ತಾದರೂ, ಮುಂದೆ ನ್ಯಾಯಾಲಯಗಳ ಗಮನ ಸೆಳೆದದ್ದು ಲೈಂಗಿಕ ದುರ್ನಡತೆಯ ವರ್ಗಕ್ಕೆ ಸೇರಿದ ಕಡತಗಳು.

ಈ ಏರ್ಪಾಟು ಬೆಳೆದದ್ದು ಜೇಮ್ಸ್ ಇ. ವೆಸ್ಟ್ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಕಾಲದಲ್ಲಿ, ಅಂದರೆ 1911ರಿಂದ 1943ರ ನಡುವೆ. ವೆಸ್ಟ್ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು ವಾಷಿಂಗ್ಟನ್ನಿನ ಅನಾಥಾಲಯದಲ್ಲಿ ಬೆಳೆದವರು. ವಕೀಲರಾದ ಮೇಲೆ ಆ ನಗರದಲ್ಲಿ ಬಾಲನ್ಯಾಯಾಲಯ ಸ್ಥಾಪನೆಯಾಗಲು ದುಡಿದವರು. ಆಶ್ರಯವಿಲ್ಲದ ಮಕ್ಕಳ ಕುರಿತು 1909ರಲ್ಲಿ ಶ್ವೇತಭವನದಲ್ಲಿ ನಡೆದ ಸಮ್ಮೇಳನದ ಹಿಂದೆಯೂ ಅವರ ಶ್ರಮವಿತ್ತು. ಆದ್ದರಿಂದ ಈ ಕಡತಗಳನ್ನು ಮಕ್ಕಳ ಬಗ್ಗೆ ಕಾಳಜಿಯೇ ಇಲ್ಲದವರ ಸೃಷ್ಟಿಯೆಂದು ಬಣ್ಣಿಸುವುದು ಸರಿಯಾಗದು. ಕಾಳಜಿಯಿದ್ದವರು ಕಟ್ಟಿದ ವ್ಯವಸ್ಥೆಯೇ ಮಕ್ಕಳ ಪಾಲಿಗೆ ಕುರುಡಾದದ್ದು ಹೇಗೆ ಎಂಬುದೇ ಇಲ್ಲಿ ವಿವರಣೆ ಬೇಡುವ ಸಂಗತಿ.

ಸಂಸ್ಥೆಯ ರಚನೆಯಲ್ಲಿ ಇದಕ್ಕೆ ಉತ್ತರದ ಒಂದು ಭಾಗವಿದೆ. ಸ್ಕೌಟ್ ದಳಗಳನ್ನು ನಡೆಸುತ್ತಿದ್ದುದು ಬಹುಮಟ್ಟಿಗೆ ಚರ್ಚು, ಶಾಲೆ, ನಾಗರಿಕ ಸಂಘಗಳಂಥ ಪ್ರಾಯೋಜಕ ಸಂಸ್ಥೆಗಳು. ದಳನಾಯಕನನ್ನು ಆರಿಸುತ್ತಿದ್ದುದೂ ಅವೇ. ಅವುಗಳ ಮೇಲೆ ಸಂಬಳದ ಕಾರ್ಯನಿರ್ವಾಹಕನಿರುವ ಪ್ರಾದೇಶಿಕ ಕೌನ್ಸಿಲ್, ಅದರ ಮೇಲೆ ರಾಷ್ಟ್ರೀಯ ಕಚೇರಿ. ದುರ್ನಡತೆಯ ಸುದ್ದಿ ಬಂದಾಗ ಕೌನ್ಸಿಲಿನ ಕಾರ್ಯನಿರ್ವಾಹಕ ವಿವರ ಸಂಗ್ರಹಿಸಿ ರಾಷ್ಟ್ರೀಯ ಕಚೇರಿಗೆ ಬರೆಯುತ್ತಿದ್ದ. ಅಲ್ಲಿ ಆ ವ್ಯಕ್ತಿಯ ಹೆಸರಿನಲ್ಲಿ ಕಡತ ತೆರೆದು, ಮುಂದೆ ಅದೇ ಹೆಸರಿನ ನೋಂದಣಿ ಅರ್ಜಿ ಬಂದರೆ ತಡೆಯುವಂತೆ ಸೂಚಿಯಲ್ಲಿ ಗುರುತು ಹಾಕಲಾಗುತ್ತಿತ್ತು. ಬಹಿರಂಗಗೊಂಡ ಕಡತಗಳೊಳಗೆ ನೋಂದಣಿ ನಮೂನೆ, ಕಾರ್ಯನಿರ್ವಾಹಕನ ಪತ್ರ, ಪತ್ರಿಕೆಯಿಂದ ಕತ್ತರಿಸಿದ ಸುದ್ದಿತುಣುಕು, ಕೆಲವೆಡೆ ನ್ಯಾಯಾಲಯದ ಕಾಗದಗಳು, ಇನ್ನು ಕೆಲವೆಡೆ ಹುಡುಗನೊಬ್ಬ ತನ್ನ ಕೈಯಾರೆ ಬರೆದ ಹೇಳಿಕೆ ಸಿಗುತ್ತವೆ. ಆ ಹೇಳಿಕೆಯು ವಯಸ್ಕನ ಅನರ್ಹತೆಗೆ ಪುರಾವೆಯಾಗಿ ಕಡತ ಸೇರಿತೇ ಹೊರತು, ಬರೆದ ಹುಡುಗನ ಹೆಸರಿನಲ್ಲಿ ಬೇರೆ ಕಡತವಿರಲಿಲ್ಲ. ಅವನಿಗೆ ಚಿಕಿತ್ಸೆ ದೊರೆಯಿತೇ, ಪೋಷಕರಿಗೆ ತಿಳಿಸಲಾಯಿತೇ, ಅದೇ ದಳದ ಉಳಿದ ಹುಡುಗರನ್ನು ಯಾರಾದರೂ ಮಾತನಾಡಿಸಿದರೇ ಎಂಬ ಪ್ರಶ್ನೆಗಳಿಗೆ ಈ ಏರ್ಪಾಟಿನಲ್ಲಿ ಗೊತ್ತಾದ ಜಾಗವೇ ಇರಲಿಲ್ಲ.

ಕಡತಗಳ ಒಳಗುಟ್ಟು ಗೋಪ್ಯವಾಗಿದ್ದರೂ ಅವುಗಳ ಅಸ್ತಿತ್ವ ಗುಟ್ಟಾಗಿರಲಿಲ್ಲ. ನೀತಿಗೆಟ್ಟವರೆಂದು ಸಂಸ್ಥೆ ಗುರುತಿಸಿದ ನೂರಾರು ಮಾಜಿ ನಾಯಕರ ದಾಖಲೆಗಳಿವೆಯೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1935ರಲ್ಲಿಯೇ ವರದಿ ಮಾಡಿತ್ತು. ಅಂದಿನ ಓದುಗರಿಗೆ ಅದು ಸಂಸ್ಥೆಯ ಎಚ್ಚರದ ಗುರುತಾಗಿ ಕಂಡಿರಬೇಕು. ಬಾಗಿಲು ಕಾಯುವುದೇ ರಕ್ಷಣೆಯೆಂದು ತಿಳಿದಿದ್ದ ಕಾಲದಲ್ಲಿ ಅದು ಸಹಜವೂ ಹೌದು. ಆದರೆ ಹೊರಹಾಕಲ್ಪಟ್ಟವನು ಪಕ್ಕದ ಊರಿನ ಶಾಲೆಯನ್ನೋ ಕ್ರೀಡಾಸಂಘವನ್ನೋ ಸೇರಿದರೆ ಅಲ್ಲಿನ ಮಕ್ಕಳಿಗೆ ಈ ಸೂಚಿಯಿಂದ ಏನೂ ಪ್ರಯೋಜನವಿರಲಿಲ್ಲ.

ವರ್ಗೀಕರಣದಲ್ಲಿ ಇನ್ನೊಂದು ಗಂಭೀರ ದೋಷವಿತ್ತು. ಮಕ್ಕಳ ಮೇಲೆ ದೌರ್ಜನ್ಯ ನಡೆಸಿದವರನ್ನೂ, ಯಾವ ಮಗುವಿಗೂ ಕೇಡು ಮಾಡದೆ ಸಲಿಂಗಿಯೆಂಬ ಒಂದೇ ಕಾರಣಕ್ಕೆ ಹೊರಹಾಕಲ್ಪಟ್ಟ ವಯಸ್ಕರನ್ನೂ ಅದು ಒಂದೇ ಕಟ್ಟಿನಲ್ಲಿ ಸೇರಿಸಿತು. ಇದರಿಂದ ಎರಡನೆಯ ಗುಂಪಿನವರಿಗೆ ಘೋರ ಅನ್ಯಾಯವಾಯಿತು. ಜೊತೆಗೆ, ಅಪಾಯವು ಮನುಷ್ಯನ ನಡತೆಯಲ್ಲಿಲ್ಲ, ಪ್ರವೃತ್ತಿಯಲ್ಲಿದೆ ಎಂಬ ತಪ್ಪು ತಿಳಿವಳಿಕೆ ಬೇರೂರಿ, ಮದುವೆಯಾಗಿ ಮಕ್ಕಳಿರುವ, ಚರ್ಚಿಗೆ ತಪ್ಪದೆ ಹೋಗುವ ‘ಸಭ್ಯ’ ನಾಯಕನ ಮೇಲಿನ ದೂರನ್ನು ನಂಬುವುದೇ ಕಷ್ಟವಾಯಿತು. ಸಲಿಂಗಿ ವಯಸ್ಕರ ಮೇಲಿನ ನಿಷೇಧವನ್ನು ರಾಷ್ಟ್ರೀಯ ಮಂಡಳಿ ತೆಗೆದುಹಾಕಿದ್ದು 2015ರ ಜುಲೈನಲ್ಲಿ.

ಸಂಸ್ಥೆಯ ಹೊರಗೆ ಕಾನೂನು ಬೇರೆ ದಿಕ್ಕಿನಲ್ಲಿ ಸಾಗಿತ್ತು. ಹೊಡೆತ ತಿಂದ ಮಕ್ಕಳ ಗಾಯಗಳನ್ನು ವೈದ್ಯಕೀಯ ಲಕ್ಷಣಕೂಟವಾಗಿ ನಿರೂಪಿಸಿ ಮಕ್ಕಳ ತಜ್ಞ ಸಿ. ಹೆನ್ರಿ ಕೆಂಪ್ ಮತ್ತು ಸಹೋದ್ಯೋಗಿಗಳು 1962ರಲ್ಲಿ ಪ್ರಕಟಿಸಿದ ಪ್ರಬಂಧದ ಬೆನ್ನಲ್ಲೇ, ಕೆಲವೇ ವರ್ಷಗಳಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ಕಡ್ಡಾಯ ವರದಿಯ ಕಾನೂನುಗಳನ್ನು ತಂದವು. ಕಡ್ಡಾಯ ವರದಿಯೆಂದರೆ, ಮಗುವಿನ ಮೇಲೆ ದೌರ್ಜನ್ಯ ನಡೆದಿರಬಹುದೆಂಬ ಅನುಮಾನ ಬಂದ ಕೂಡಲೇ ಅದನ್ನು ಸರ್ಕಾರದ ಗಮನಕ್ಕೆ ತರುವ ಕಾನೂನುಬದ್ಧ ಹೊಣೆ. 1974ರ ಒಕ್ಕೂಟ ಕಾಯಿದೆ ಈ ವ್ಯವಸ್ಥೆಗೆ ಹಣಕಾಸಿನ ಆಸರೆ ನೀಡಿತು. ಆದರೆ ಕಾನೂನಿನ ಕಣ್ಣು ಮೊದಲು ಬಿದ್ದದ್ದು ಮನೆಯೊಳಗಿನ ಹಿಂಸೆಯ ಮೇಲೆ, ಹೊಣೆ ಬಿದ್ದದ್ದು ವೈದ್ಯರ ಮೇಲೆ, ಆಮೇಲೆ ಶಿಕ್ಷಕರ ಮೇಲೆ. ವಾರಾಂತ್ಯದ ಶಿಬಿರಕ್ಕೆ ಹುಡುಗರನ್ನು ಕರೆದೊಯ್ಯುವ ಸ್ವಯಂಸೇವಕ ಅನೇಕ ರಾಜ್ಯಗಳಲ್ಲಿ ಆ ಪಟ್ಟಿಯ ಹೊರಗೇ ಉಳಿದ.

ಈ ಬಿರುಕಿನಲ್ಲಿ ಏನು ನಡೆಯಿತೆಂಬುದನ್ನು ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ 2012ರಲ್ಲಿ, 1970ರಿಂದ 1991ರವರೆಗಿನ ಸುಮಾರು 1,600 ಕಡತಗಳನ್ನು ಪರಿಶೀಲಿಸಿ ತೋರಿಸಿತು. ಹೆಚ್ಚಿನ ಪ್ರಕರಣಗಳಲ್ಲಿ ಸಂಸ್ಥೆಗೆ ಸುದ್ದಿ ತಲುಪಿದ್ದು ಪೊಲೀಸರಿಗೆ ಗೊತ್ತಾದ ನಂತರವೇ. ಆದರೆ 500ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಹುಡುಗರು, ಪೋಷಕರು, ಸಿಬ್ಬಂದಿ ಅಥವಾ ಹೆಸರು ಹೇಳದವರು ನೇರವಾಗಿ ಸಂಸ್ಥೆಗೆ ತಿಳಿಸಿದ್ದರು. ಅವುಗಳಲ್ಲಿ ಸುಮಾರು 400ರಲ್ಲಿ ಸಂಸ್ಥೆಯವರು ಪೊಲೀಸರಿಗೆ ತಿಳಿಸಿದ ದಾಖಲೆಯಿಲ್ಲ. ಆರೋಪಿತನಿಗೆ ಸದ್ದಿಲ್ಲದೆ ರಾಜೀನಾಮೆ ಕೊಡಲು ಬಿಟ್ಟು, ಅದಕ್ಕೊಂದು ಗೌರವದ ಕಾರಣ ಬರೆಸಿಕೊಳ್ಳುವುದು ರೂಢಿಯಾಗಿತ್ತು. ವ್ಯಾಪಾರದ ಒತ್ತಡ, ಅನಾರೋಗ್ಯ, ಒಂದೆಡೆ ಶೇಕ್ಸ್‌ಪಿಯರ್ ನಾಟಕೋತ್ಸವದ ಕೆಲಸ ಕೂಡ ಇಂಥ ಕಾರಣಗಳಾಗಿ ದಾಖಲಾಗಿವೆ. ಮೊದಲ ಆರೋಪ ಸಂಸ್ಥೆಯ ಕಿವಿಗೆ ಬಿದ್ದ ಮೇಲೂ ಆರೋಪಿತ ಸ್ಕೌಟ್ ಹುಡುಗರ ಮೇಲೆ ದೌರ್ಜನ್ಯ ಮುಂದುವರಿಸಿದನೆನ್ನಲಾದ 125ಕ್ಕೂ ಹೆಚ್ಚು ಪ್ರಕರಣಗಳನ್ನೂ ಅದೇ ಪತ್ರಿಕೆ ಗುರುತಿಸಿತು. ತನ್ನ ಬಾಗಿಲನ್ನು ಕಾಯುವುದಕ್ಕೇ ಇದ್ದ ಸೂಚಿಯು ಆ ಕೆಲಸದಲ್ಲೂ ಎಡವಿತ್ತು.

1980ರ ದಶಕದ ನಡುವಿನಿಂದ ಸಂಸ್ಥೆಯ ಆಲೋಚನೆ ಬದಲಾಗತೊಡಗಿತು. ಕೆಟ್ಟವನನ್ನು ಹುಡುಕಿ ಹೊರಹಾಕುವುದರ ಜೊತೆಗೆ, ಒಬ್ಬನೇ ವಯಸ್ಕ ಒಬ್ಬನೇ ಹುಡುಗನೊಡನೆ ಏಕಾಂತದಲ್ಲಿರುವ ಸಂದರ್ಭವೇ ಒದಗದಂತೆ ಚಟುವಟಿಕೆಗಳನ್ನು ರೂಪಿಸಬೇಕೆಂಬ ತತ್ತ್ವ ಬಂದಿತು. ಪ್ರವಾಸಕ್ಕೂ ಶಿಬಿರಕ್ಕೂ ಇಬ್ಬರು ವಯಸ್ಕ ನಾಯಕರಿರಲೇಬೇಕೆಂಬ ನಿಯಮ ಇದರ ಫಲ. ಯಾರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವ ಗೋಜಿಗೆ ಹೋಗದೆ, ಕೆಡುಕಿಗೆ ಅವಕಾಶವನ್ನೇ ಕಿರಿದುಗೊಳಿಸುವ ಈ ನಿಯಮವು ಇಡೀ ಚರಿತ್ರೆಯಲ್ಲಿ ಮಗುವಿಗೆ ಅತ್ಯಂತ ಹತ್ತಿರ ಬಂದ ಹೆಜ್ಜೆಯೆನ್ನಬೇಕು. ಆದರೂ ದೂರಿನ ದಾರಿ ಬಹುಕಾಲ ಹಳೆಯದೇ ಆಗಿತ್ತು: ಸ್ವಯಂಸೇವಕ ಮೊದಲು ಕೌನ್ಸಿಲಿನ ಕಾರ್ಯನಿರ್ವಾಹಕನಿಗೆ ತಿಳಿಸಬೇಕು, ಮುಂದಿನದು ಆತನ ವಿವೇಚನೆ. ಎಲ್ಲ ಸ್ವಯಂಸೇವಕರಿಗೂ ತರಬೇತಿ ಕಡ್ಡಾಯವಾದದ್ದು 2010ರಲ್ಲಿ. ಅನುಮಾನ ಬಂದರೆ ಪೊಲೀಸರಿಗೆ ತಿಳಿಸಲೇಬೇಕೆಂಬ ನಿಯಮವೂ ಆ ವರ್ಷದ್ದೇ.

ಆ ವರ್ಷಕ್ಕೆ ಒಂದು ಹಿನ್ನೆಲೆಯಿದೆ. ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ 1980ರ ದಶಕದ ಆರಂಭದಲ್ಲಿ ದೌರ್ಜನ್ಯಕ್ಕೊಳಗಾದ ಒಬ್ಬರು ವಯಸ್ಕರಾದ ಮೇಲೆ ಹೂಡಿದ ದಾವೆ 2010ರ ವಸಂತದಲ್ಲಿ ವಿಚಾರಣೆಗೆ ಬಂದಿತು. ಅವರ ದಳವನ್ನು ಪ್ರಾಯೋಜಿಸುತ್ತಿದ್ದ ಮಾರ್ಮನ್ ಚರ್ಚಿನ ಸ್ಥಳೀಯ ಮುಖ್ಯಸ್ಥನೆದುರು ಸಹಾಯಕ ದಳನಾಯಕ 1983ರಲ್ಲಿ 17 ಹುಡುಗರ ಮೇಲೆ ದೌರ್ಜನ್ಯ ನಡೆಸಿರುವುದಾಗಿ ಒಪ್ಪಿಕೊಂಡಿದ್ದ. ಹಾಗಿದ್ದೂ ಅವನಿಗೂ ದಳದ ಹುಡುಗರಿಗೂ ಒಡನಾಟ ತಪ್ಪಲಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಂದಿತು. 1965ರಿಂದ 1985ರವರೆಗಿನ 1,200ಕ್ಕೂ ಹೆಚ್ಚು ಕಡತಗಳು ಸಾಕ್ಷ್ಯವಾಗಿ ಜ್ಯೂರಿಯ ಮುಂದೆ ಬಂದವು. ಗೋಪ್ಯತೆಯಿಂದಲೇ ಸಂತ್ರಸ್ತರಿಗೆ ರಕ್ಷಣೆ, ಅದಿಲ್ಲದಿದ್ದರೆ ದೂರು ಕೊಡಲು ಜನ ಹಿಂಜರಿಯುತ್ತಾರೆ ಎಂಬುದು ಸಂಸ್ಥೆಯ ವಾದ. ಸಂತ್ರಸ್ತರ ಹೆಸರಿನ ಮಟ್ಟಿಗೆ ಆ ವಾದದಲ್ಲಿ ಹುರುಳಿತ್ತು, ಆರೋಪಿಗಳೆಲ್ಲ ಅಪರಾಧಿಗಳೆಂದು ಸಾಬೀತಾಗಿರಲಿಲ್ಲವೆಂಬುದೂ ನಿಜ. ಆದರೆ ಪೊಲೀಸರಿಂದಲೂ ಪೋಷಕರಿಂದಲೂ ವಿಷಯವನ್ನು ಮರೆಮಾಡಿದ್ದಕ್ಕೆ ಇವೆರಡೂ ಸಮರ್ಥನೆಯಾಗಲಾರವು. ಜ್ಯೂರಿ 14 ಲಕ್ಷ ಡಾಲರ್ ನಷ್ಟಪರಿಹಾರದ ಜೊತೆಗೆ, ಸಂಸ್ಥೆಯ ಮೇಲೆ 1.85 ಕೋಟಿ ಡಾಲರ್ ದಂಡರೂಪದ ಪರಿಹಾರವನ್ನೂ, ಅಂದರೆ ಇಂಥ ನಡತೆ ಮರುಕಳಿಸದಂತೆ ಶಿಕ್ಷೆಯಾಗಿ ವಿಧಿಸುವ ಮೊತ್ತವನ್ನೂ ಹೇರಿತು. ಕಡತಗಳನ್ನು ಬಹಿರಂಗಗೊಳಿಸಬೇಕೆಂದು ಮಾಧ್ಯಮ ಸಂಸ್ಥೆಗಳು ಹೋರಾಡಿದವು. ರಾಜ್ಯದ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಿದ ಮೇಲೆ, ಸಂತ್ರಸ್ತರ ಹೆಸರುಗಳನ್ನು ಅಳಿಸಿ 2012ರ ಅಕ್ಟೋಬರ್ 18ರಂದು ಸಾವಿರಾರು ಪುಟಗಳು ಪ್ರಕಟವಾದವು.

ಆ ಬಳಿಕ ಬಂದ ಒಂದು ಎಣಿಕೆ ಈ ಚರಿತ್ರೆಯ ತಿರುಳನ್ನೇ ಹಿಡಿದಿಟ್ಟಿದೆ. 1944ರಿಂದ 2016ರವರೆಗಿನ ಕಡತಗಳನ್ನು ಸಂಸ್ಥೆಯ ಪರವಾಗಿ ವಿಶ್ಲೇಷಿಸಿದ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕಿ ಜ್ಯಾನೆಟ್ ವಾರೆನ್ 2019ರಲ್ಲಿ ನ್ಯಾಯಾಲಯದಲ್ಲಿ ನೀಡಿದ ಸಾಕ್ಷ್ಯದ ಪ್ರಕಾರ ಅವುಗಳಲ್ಲಿ 7,819 ಆರೋಪಿತ ದೌರ್ಜನ್ಯಕಾರರೂ 12,254 ಸಂತ್ರಸ್ತರೂ ಇದ್ದರು. ಮೊದಲನೆಯ ಸಂಖ್ಯೆ ಸೂಚಿಯಲ್ಲೇ ಹುದುಗಿತ್ತು. ಎರಡನೆಯದನ್ನು ಕಡತದಿಂದ ಕಡತಕ್ಕೆ ಹೋಗಿ ಹೆಕ್ಕಬೇಕಾಯಿತು. ಎಷ್ಟು ಮಕ್ಕಳಿಗೆ ಹಾನಿಯಾಗಿದೆಯೆಂದು ಲೆಕ್ಕವಿಡುವುದು ಕಡತಗಳನ್ನು ಕಟ್ಟಿದವರ ಉದ್ದೇಶದಲ್ಲೇ ಇರಲಿಲ್ಲ. ಆ ಲೆಕ್ಕವೂ ಪೂರ್ಣವಲ್ಲ: ನ್ಯೂಯಾರ್ಕ್, ಕ್ಯಾಲಿಫೋರ್ನಿಯ ಮುಂತಾದ ರಾಜ್ಯಗಳು 2019ರಲ್ಲಿ ಕಾಲಮಿತಿಯನ್ನು, ಅಂದರೆ ದಾವೆ ಹೂಡಲು ಇರುವ ವರ್ಷಗಳ ಗಡುವನ್ನು ಸಡಿಲಿಸಿದ ಮೇಲೆ ದಾವೆಗಳು ಹೆಚ್ಚಿ, ಸಂಸ್ಥೆ 2020ರ ಫೆಬ್ರವರಿ 18ರಂದು ದಿವಾಳಿ ರಕ್ಷಣೆ ಕೋರಿತು; ಆ ಪ್ರಕ್ರಿಯೆಯಲ್ಲಿ 82,000ಕ್ಕೂ ಹೆಚ್ಚು ಜನ ತಮ್ಮ ಮೇಲೆ ದೌರ್ಜನ್ಯ ನಡೆದಿತ್ತೆಂದು ಅರ್ಜಿ ಸಲ್ಲಿಸಿದರು. ಕಡತಗಳಲ್ಲಿ ಕಂಡವರಿಗೂ ಮುಂದೆ ಬಂದವರಿಗೂ ನಡುವಿನ ಈ ಅಂತರದಲ್ಲಿ, ಯಾರೊಬ್ಬರಿಗೂ ಹೇಳಲಾಗದೆ ಬೆಳೆದ ಹುಡುಗರಿದ್ದಾರೆ. ಸುಮಾರು 246 ಕೋಟಿ ಡಾಲರ್‌ಗಳ ಪರಿಹಾರ ಯೋಜನೆ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು.

ಸ್ಕೌಟ್ ಚಳವಳಿ ಭಾರತಕ್ಕೆ ಕಾಲಿಟ್ಟದ್ದು ಬೆಂಗಳೂರಿನಲ್ಲಿ, 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಆರಂಭಿಸಿದ ದಳದ ಮೂಲಕ. ಆದ್ದರಿಂದ ಕರ್ನಾಟಕಕ್ಕೆ ಈ ಚಳವಳಿ ಹೊಸದಲ್ಲ. ಇಲ್ಲಿನ ಯುವಸಂಘಟನೆಗಳಿಗೆ ಇಂದು ಅನ್ವಯಿಸುವ ಪೋಕ್ಸೊ ಕಾಯಿದೆಯು, ಅಂದರೆ 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯಿದೆಯು, ಅಮೆರಿಕದ ಕಾನೂನುಗಳು ಸ್ವಯಂಸೇವಕನನ್ನು ಹೊರಗಿಟ್ಟ ಜಾಗದಲ್ಲೇ ಬೇರೆ ದಾರಿ ಹಿಡಿದಿದೆ. ಅದರ 19ನೆಯ ಕಲಮಿನಂತೆ ಅಪರಾಧದ ಅರಿವಿರುವ ಯಾವುದೇ ವ್ಯಕ್ತಿ, ವೃತ್ತಿ ಏನೇ ಇರಲಿ, ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ಸದ್ಭಾವನೆಯಿಂದ ಮಾಹಿತಿ ಕೊಟ್ಟವರಿಗೆ ಅದೇ ಕಲಮಿನಲ್ಲಿ ರಕ್ಷಣೆಯಿದೆ. ಮೇಲಧಿಕಾರಿಗೆ ತಿಳಿಸಿದೆನೆಂದು ಹೇಳಿ ಕೈತೊಳೆದುಕೊಳ್ಳಲು ಅದು ಎಡೆಗೊಡುವುದಿಲ್ಲ. ತನ್ನ ಕೈಕೆಳಗಿನವನ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥನಿಗೆ 21ನೆಯ ಕಲಮು ಒಂದು ವರ್ಷದವರೆಗಿನ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. ಇತರರಿಗೆ ಈ ಅವಧಿ ಆರು ತಿಂಗಳು. ಮಾಹಿತಿ ಪಡೆದ ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಸಲ್ಲಿಸಬೇಕು. ಆ ಮಗುವಿಗೆ ಆರೈಕೆ ಮತ್ತು ರಕ್ಷಣೆ ಬೇಕಾಗಿದೆಯೇ, ಅದಕ್ಕಾಗಿ ಯಾವ ಕ್ರಮ ಕೈಗೊಳ್ಳಲಾಗಿದೆ ಎಂಬುದನ್ನೂ ಆ ವರದಿಯಲ್ಲೇ ಹೇಳಬೇಕು.