ಠಾಣೆಯಿಂದ ಬೀದಿಗೆ, ಬೀದಿಯಿಂದ ಬಸ್ಸಿಗೆ

2008ರ ಜೂನ್ 29, ಭಾನುವಾರ. ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಪುಟ್ಟಣ್ಣ ಚೆಟ್ಟಿ ಪುರಭವನದ (ಟೌನ್ ಹಾಲ್) ಕಡೆಗೆ ನೂರಾರು ಮಂದಿ ಹೆಜ್ಜೆ ಹಾಕಿದರು. ಹಿಜ್ರಾಗಳು, ತಮ್ಮನ್ನು 'ಕೋತಿ' ಎಂದು ಕರೆದುಕೊಳ್ಳುವ ಹೆಣ್ಣುಭಾವದ ಗಂಡಸರು, ಸಲಿಂಗಪ್ರೇಮಿಗಳು, ಲೈಂಗಿಕ ಕಾರ್ಯಕರ್ತೆಯರು, ಅವರ ಗೆಳೆಯರು. ಕೆಲವರು ಮುಖವಾಡ ತೊಟ್ಟಿದ್ದರು. ಮರುದಿನದ ಪತ್ರಿಕೆಯಲ್ಲಿ ಫೋಟೊ ಬಂದು ಮನೆಯವರಿಗೋ ಕೆಲಸ ಕೊಟ್ಟವರಿಗೋ ಗುರುತು ಸಿಕ್ಕರೆ ಇದ್ದ ನೆಲೆಯೂ ತಪ್ಪುವ ಭಯ ಅವರದು. ಅದೇ ದಿನ ದೆಹಲಿ, ಕೋಲ್ಕತ್ತಗಳಲ್ಲೂ ಇಂಥ ನಡಿಗೆ ನಡೆಯಿತು. ಕೋಲ್ಕತ್ತದಲ್ಲಿ 1999ರ ಜುಲೈ 2ರಂದೇ ಹದಿನೈದರಷ್ಟು ಜನ ಸೇರಿ ದೇಶದ ಮೊದಲ ಪ್ರೈಡ್ (ಹೆಮ್ಮೆಯ) ನಡಿಗೆ ನಡೆಸಿದ್ದರು. ಬೆಂಗಳೂರಿಗೆ ಇದು ಮೊದಲನೆಯದು.

ಪ್ರೈಡ್ ಹೊರದೇಶದಿಂದ ಬಂದ ಗೀಳು ಎಂಬ ಮಾತು ಅಂದೂ ಇತ್ತು, ಇಂದೂ ಇದೆ. 1969ರ ಜೂನ್‌ನಲ್ಲಿ ಸಲಿಂಗಪ್ರೇಮಿಗಳು ಸೇರುತ್ತಿದ್ದ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಜನ ತಿರುಗಿಬಿದ್ದದ್ದು, ಮುಂದಿನ ವರ್ಷ ಅದರ ನೆನಪಿಗೆ ಮೆರವಣಿಗೆ ಹೊರಟದ್ದು ನಿಜವೇ. ಆದರೆ ಬೆಂಗಳೂರಿನ ನಡಿಗೆ ಮೊಳೆತದ್ದು ಇಲ್ಲಿನದೇ ಠಾಣೆಗಳಲ್ಲಿ, ಪಾರ್ಕುಗಳಲ್ಲಿ, ಹಿಜ್ರಾಗಳು ನಡೆಸುತ್ತಿದ್ದ ಹಮಾಮು ಎಂಬ ಸ್ನಾನಗೃಹಗಳಲ್ಲಿ. 1994ರಲ್ಲಿ 'ಗುಡ್ ಆ್ಯಸ್ ಯೂ' ಎಂಬ ಸಲಿಂಗಪ್ರೇಮಿಗಳ ಬಳಗ ಸೇರತೊಡಗಿತ್ತು. ಇಂಗ್ಲಿಷ್ ಬಲ್ಲ ನಗರದ ಗಂಡಸರೇ ಅಲ್ಲಿ ಹೆಚ್ಚು. 1999ರಲ್ಲಿ ಶುರುವಾದ 'ಸಂಗಮ' ಸಂಸ್ಥೆ ಬೀದಿಯ ಕಡೆ ಮುಖ ಮಾಡಿತು. ಪಾರ್ಕಿನಲ್ಲಿ ನಿಂತ ತಪ್ಪಿಗೆ ಲಾಠಿ ಏಟು ತಿಂದವರು, ಜೇಬಿನ ಹಣವನ್ನು ಪೊಲೀಸರಿಗೆ ಕೊಟ್ಟು ಬಂದವರು, ಠಾಣೆಯೊಳಗೆ ಲೈಂಗಿಕ ಹಿಂಸೆಗೆ ಗುರಿಯಾದವರು ಹೇಳಿದ್ದನ್ನು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001 ಮತ್ತು 2003ರ ವರದಿಗಳಲ್ಲಿ ದಾಖಲಿಸಿತು. ಇಲ್ಲಿನ ಹೆಮ್ಮೆಯ ಮೊದಲ ದಾಖಲೆಗಳೆಂದರೆ ಈ ನೋವಿನ ಹೇಳಿಕೆಗಳೇ.

ನಡಿಗೆಗೆ ಉತ್ತರ ಬರಲು ತಡವಾಗಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಗಿರಿನಗರ ಪೊಲೀಸರು ಐವರು ಹಿಜ್ರಾಗಳನ್ನು ಹಿಡಿದೊಯ್ದರು. ವಿಚಾರಿಸಲು ಹೋದ ಕಾರ್ಯಕರ್ತರನ್ನೂ ಬನಶಂಕರಿ ಠಾಣೆಯಲ್ಲಿ ಕೂರಿಸಲಾಯಿತು. ಅದನ್ನು ಖಂಡಿಸಿ ಬಂದವರ ಮೇಲೂ ಕೇಸು ಬಿತ್ತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿತು. ಗಂಡುಮಕ್ಕಳನ್ನು ಅಪಹರಿಸುತ್ತಾರೆಂಬ ಅನುಮಾನವಿದ್ದ ಹಿಜ್ರಾಗಳ ಹೆಸರು, ವಿಳಾಸಗಳನ್ನು ಪೊಲೀಸರು ಪಟ್ಟಿ ಮಾಡಿಡಬಹುದೆಂದು ಅದು ಹೇಳಿತು. ಹಿಜ್ರಾಗಳನ್ನೂ ಹೀಗೇ ಪಟ್ಟಿ ಮಾಡಿದ್ದ, 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟು ಕಾಯ್ದೆಯ ನಡೆ ಅದು, ನೂರನಲವತ್ತು ವರ್ಷಗಳ ನಂತರ. ಸಮುದಾಯದವರು ಹೈಕೋರ್ಟಿಗೆ ಹೋದರು. ಕೊನೆಗೆ ಸರ್ಕಾರವೇ ತಿದ್ದುಪಡಿ ತಂದು ಅವರ ಹೆಸರನ್ನು ಆ ಕಲಮಿನಿಂದ ತೆಗೆಯಬೇಕಾಯಿತು.

ಇಷ್ಟರ ನಡುವೆಯೂ ನಡಿಗೆ ನಿಲ್ಲಲಿಲ್ಲ. ಅದು ನವೆಂಬರಿಗೆ ಸರಿಯಿತು, 'ಕರ್ನಾಟಕ ಕ್ವಿಯರ್ ಹಬ್ಬ'ವಾಗಿ ಬೆಳೆಯಿತು. ಎಷ್ಟೋ ವರ್ಷ ಮೆಜೆಸ್ಟಿಕ್ಕಿನ ತುಳಸಿ ತೋಟದಿಂದ ಹೊರಟು ಟೌನ್ ಹಾಲ್ ಮೆಟ್ಟಿಲಿಗೆ ಬಂದು ಸೇರುತ್ತಿತ್ತು. ಕುಣಿತ, ಬಣ್ಣ, ಕಾಮನಬಿಲ್ಲಿನ ಬಾವುಟ ಎಲ್ಲ ಇದ್ದವು. ಜೊತೆಗೆ ರೇಷನ್ ಕಾರ್ಡು, ಬಾಡಿಗೆ ಮನೆ, ಪಿಂಚಣಿಯ ಬೇಡಿಕೆಗಳೂ ಇದ್ದವು. ಬೇರೆ ನಗರಗಳ ಪ್ರೈಡ್‌ಗಿಂತ ಬೆಂಗಳೂರಿನದಕ್ಕೆ ಬೇರೆಯದೇ ಖದರು ಬಂದದ್ದು ಇಂಥ ಬೇಡಿಕೆ ಹೊತ್ತ ಬಡವರು ಮುಂದಿದ್ದುದರಿಂದಲೇ.

ನ್ಯಾಯಾಲಯಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಹಲ್ಲು ಕಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಊರ್ಜಿತಗೊಳಿಸಿತು. ಅದಕ್ಕೆ ಕೆಲವೇ ವಾರಗಳ ಮುಂಚೆ ಹಾಸನದಲ್ಲಿ ಹದಿಮೂರು ಗಂಡಸರು ಇದೇ ಕಲಮಿನಡಿ ಬಂಧನಕ್ಕೊಳಗಾಗಿದ್ದರು. ಬೆಂಗಳೂರಿನಲ್ಲಿ ಬಾವುಟ ಹಾರಿದ ಮಾತ್ರಕ್ಕೆ ಹಾಸನದ ಗಲ್ಲಿ ಸುರಕ್ಷಿತವಾಗುವುದಿಲ್ಲ ಎಂಬುದು ಅಂದು ಎಲ್ಲರಿಗೂ ಅರಿವಾಯಿತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆಧಾರ್ ವಿರುದ್ಧ ಹೋರಾಡಲು ಹೊರಟ ಆ ಹಿರಿಯರ ಹೆಸರಿನ ತೀರ್ಪು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗಪ್ರೇಮ ಅಪರಾಧವಲ್ಲವೆಂದಾಗ ದೊಡ್ಡ ಆಧಾರವಾಯಿತು.

ಮನೆಯೊಳಗಿನ ಮೌನ ಒಡೆದದ್ದು ತೀರ್ಪುಗಳಿಂದಲ್ಲ, ಪುಸ್ತಕ, ರಂಗ, ಸಿನಿಮಾಗಳಿಂದ. ಸಂಡೂರಿನ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಕಥಾಸಂಕಲನ ತಂದರು, ತಾವು ಸಲಿಂಗಪ್ರೇಮಿ ಎಂಬುದನ್ನೂ ಬಚ್ಚಿಡಲಿಲ್ಲ. ಆಗಲೇ ಹೆಸರಾಗಿದ್ದ, ಮನೆಮನೆಯಲ್ಲಿ ಓದಿಸಿಕೊಳ್ಳುತ್ತಿದ್ದ ಲೇಖಕರೊಬ್ಬರು ಹೀಗೆ ಎದುರು ನಿಂತಾಗ ಓದುಗರಿಗೆ ಅದು ಪತ್ರಿಕೆಯ ಸುದ್ದಿಯಾಗಿ ಉಳಿಯಲಿಲ್ಲ, ತಮ್ಮವರ ಮಾತಾಯಿತು. ಮಂಗಳಮುಖಿ ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ 'ಬದುಕು ಬಯಲು' ಆಗಿ ಬಂತು. ಹೆಗ್ಗೋಡಿನ ಜನಮನದಾಟ ಅದನ್ನು ರಂಗಕ್ಕೇರಿಸಿ ಊರೂರಿಗೆ ಒಯ್ದಿತು. ಮಂಗಳಮುಖಿಯೊಬ್ಬರ ಬದುಕಿನ 'ನಾನು ಅವನಲ್ಲ... ಅವಳು' ಚಿತ್ರಕ್ಕಾಗಿ ಸಂಚಾರಿ ವಿಜಯ್ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು.

ಸಂಡೂರಿಗೆ ದೂರವಲ್ಲದ ಮರಿಯಮ್ಮನಹಳ್ಳಿಯ ಮಂಗಳಮುಖಿ ಕಲಾವಿದೆ ಮಂಜಮ್ಮ ಜೋಗತಿಯವರದು ಬೇರೆ ಹಾದಿ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಮನೆ ಬಿಟ್ಟು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತವರು ಅವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ದರ್ಬಾರ್ ಹಾಲ್ ಚಪ್ಪಾಳೆ ತಟ್ಟಿತು.

ಬೆಂಗಳೂರಿನಾಚೆ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂಥ ಊರಿಗೆ ಇದೆಲ್ಲ ಎಷ್ಟು ತಲುಪಿದೆ? ಈ ಸೀಮೆಗೆ ಸೀರೆಯುಟ್ಟ ಗಂಡಸು ಹೊಸಬನಲ್ಲ. ಬೆಂಗಳೂರು, ಹೊಸಕೋಟೆ, ಕೋಲಾರದ ಸುತ್ತ ಕರಗ ಹೊರುವವನು ಬಳೆ, ತಾಳಿ ತೊಟ್ಟು, ಮಲ್ಲಿಗೆ ಮುಡಿದು ದ್ರೌಪದಮ್ಮನಾಗಿ ಬಂದರೆ ಇಡೀ ಬೀದಿ ಕೈಮುಗಿಯುತ್ತದೆ. ಅದು ವ್ರತದ ವೇಷ, ಒಂದು ರಾತ್ರಿಯ ದೈವ. ದಿನವೂ ಸೀರೆಯಲ್ಲೇ ಬದುಕಬಯಸುವ ಮಗನಿಗೆ ಅದೇ ಬೀದಿ ಕೈಮುಗಿಯುವುದಿಲ್ಲ. ಪಶ್ಚಿಮಕ್ಕೆ ಕೆಲವೇ ಮೈಲು ಹೋದರೆ ವೈಟ್‌ಫೀಲ್ಡಿನ ಐಟಿ ಕಂಪನಿಗಳು. ಜೂನ್ ಬಂದರೆ ಅಲ್ಲಿ ಲಾಂಛನಗಳಿಗೆ ಕಾಮನಬಿಲ್ಲಿನ ಬಣ್ಣ ಬರುತ್ತದೆ. ಆ ಸ್ವಾಗತ ಒಳಗಿನ ಇಂಜಿನಿಯರಿಗಷ್ಟೇ ಸಿಕ್ಕರೆ ಸಾಲದು, ಗೇಟಿನ ಸೆಕ್ಯುರಿಟಿ ಕೆಲಸಕ್ಕೂ ಸ್ವಚ್ಛತಾ ಕೆಲಸಕ್ಕೂ ಅರ್ಜಿ ಹಾಕುವ ಮಂಗಳಮುಖಿಗೂ ಸಿಗಬೇಕು.

ರಾಜ್ಯ ಸರ್ಕಾರ ಕೆಲವು ಹೆಜ್ಜೆ ಇಟ್ಟಿದೆ. 2015ರಲ್ಲಿ ಮಂಗಳಮುಖಿ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯ ಕರ್ನಾಟಕವಾಯಿತು. ಸಲಿಂಗ ಜೋಡಿಗಳಿಗೆ ಮದುವೆಯ ಹಕ್ಕು ಮಾತ್ರ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನಲ್ಲಿ ಸಿಗಲಿಲ್ಲ. ಬೀದಿಯೂ ಕಿರಿದಾಗಿದೆ: 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಸರ್ಕಾರಿ ಬಸ್ ಪ್ರಯಾಣ ಉಚಿತ. ಅದನ್ನು ಪಡೆಯಲು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಬೇಕು. ಪ್ರೈಡ್ ನಡಿಗೆಯಲ್ಲಿ ಸಾವಿರ ಜನ ಜೊತೆಗಿರುತ್ತಾರೆ. ಹೊಸಕೋಟೆ ಬಸ್ಸಿನಲ್ಲಿ ಕಂಡಕ್ಟರ್ ಎದುರು, ಊರಿನವರೆಲ್ಲ ತಿರುಗಿ ನೋಡುತ್ತಿರುವಾಗ, ತಾನು ಯಾರೆಂದು ಒಬ್ಬಳೇ ಹೇಳಬೇಕು. ಅನುಗೊಂಡನಹಳ್ಳಿಯ ಮಟ್ಟಿಗೆ ಇಂದಿನ ಪ್ರೈಡ್ ನಡೆಯುತ್ತಿರುವುದು ಅಲ್ಲಿ.